ಮೆಲುದನಿಯ ರಾಜ – ನ್ಯಾಟ್ ಕಿಂಗ್ ಕೋಲ್

ಮೂವತ್ತು ವರುಷಗಳಿಗೂ ಹಿಂದಿನ ಮಾತು. ನಾನು ಆಗ ಶಿಕ್ಷಕರ ತರಬೇತಿಯಲ್ಲಿದ್ದೆ. ಇಂಗ್ಲಿಷ್ ಬೋಧನಾ ವಿಧಾನವನ್ನು ಕಲಿಸುತ್ತಿದ್ದ ನಮ್ಮ ಗುರುಗಳು ಒಂದು ದಿನ ಕಂಕುಳಲ್ಲಿ ಟೇಪ್ ರೆಕಾರ್ಡರೊಂದನ್ನು ಇರುಕಿಕೊಂಡು ತರಗತಿಗೆ ಬಂದರು. ಮೊದಲು ಆಂಗ್ಲ ವಾರ್ತೆಯ ಒಂದು ಭಾಗವನ್ನು ಕೇಳಿಸಿ, ಕಿವಿಗೆ ಬಿದ್ದ ಪದಗಳನ್ನೆಲ್ಲ ಬರೆಯಿರಿ ಎಂದರು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಕೈಗೆ ಅರ್ಧದಷ್ಟೂ ದಕ್ಕಲಿಲ್ಲ. ಬಳಿಕ ಅವರು ಒಂದು ಹಾಡನ್ನು ಕೇಳಿಸಿದರು. ಗಂಡು ದನಿ, ಗಂಭೀರ, ತುಸು ಒರಟು, ಆದರೆ ಬೆಣ್ಣೆಯಂತೆ ಮೃದು. ಆಶ್ಚರ್ಯವೆಂದರೆ ಆ ಹಾಡಿನ ಪದಗಳನ್ನು ನಮ್ಮಲ್ಲಿ ಹೆಚ್ಚಿನವರು ತಪ್ಪಿಲ್ಲದೆ ಬರೆದಿದ್ದೆವು. "ಇದು ಉಚ್ಚಾರಣೆ! ಹಾಡುವಾಗಲೂ ಒಂದಕ್ಷರ ನುಂಗದವನು. ನೀವು ಮಾತನಾಡುವಾಗ ನುಂಗಬೇಡಿ" ಎಂದು ನಗುತ್ತ ಹೇಳಿ ಗುರುಗಳು ಆ ಗಾಯಕನ ಹೆಸರನ್ನು ಕರಿಹಲಗೆಯ ಮೇಲೆ ಬರೆದರು: ನ್ಯಾಟ್ ಕಿಂಗ್ ಕೋಲ್.

ಅಂದು ನನಗೆ ಆತ ಉಚ್ಚಾರಣೆಯ ಮೇಷ್ಟರು ಮಾತ್ರ. ಮುಂದೆ ಅವರ ಜೀವನದ ವಿವರಗಳನ್ನು ಓದುತ್ತ ಹೋದಂತೆ, ಆ ಮೆಲುದನಿಯ ಹಿಂದೆ ಎಷ್ಟು ಅಪಮಾನ, ಎಷ್ಟು ಸಹನೆ, ಎಷ್ಟು ಹಟ ಅಡಗಿತ್ತೆಂಬುದು ತಿಳಿಯಿತು. ಸ್ವಂತ ನೆಲದಲ್ಲಿಯೇ ಪರಕೀಯರಂತೆ ಬಾಳಬೇಕಾಗಿ ಬಂದ ಒಬ್ಬ ಕಲಾವಿದನ ಈ ಕಥೆಯನ್ನು ನಮ್ಮ ಮನೆಮಂದಿಯೆಲ್ಲ ಕುಳಿತು ಓದಬಹುದೆಂದು ತೋರಿ ಇಲ್ಲಿ ನಿರೂಪಿಸುತ್ತಿದ್ದೇನೆ.

ಇದೆಂತಹ ಸಂಗೀತ?

ಮೊದಲಿಗೆ ಆ ಗೀತಪ್ರಕಾರದ ಕುರಿತು ಎರಡು ಮಾತು. ಅಮೆರಿಕದಲ್ಲಿ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದು ಬಗೆಯ ಜನಪ್ರಿಯ ಗೀತೆಗಳು ಬೆಳೆದುಬಂದವು. ಒಬ್ಬರು ಪದ್ಯ ಬರೆಯುವರು, ಇನ್ನೊಬ್ಬರು ಸ್ವರ ಹಾಕುವರು, ಮತ್ತೊಬ್ಬರು ವಾದ್ಯಗಳನ್ನು ಹೊಂದಿಸುವರು, ಗಾಯಕನು ಹಾಡುವನು. ನ್ಯೂಯಾರ್ಕಿನಲ್ಲಿ ಇಂತಹ ಗೀತೆಗಳ ಪ್ರಕಾಶಕರು ಗುಂಪುಗೂಡಿದ್ದ ಬೀದಿಗೆ 'ಟಿನ್ ಪ್ಯಾನ್ ಆಲಿ' ಎಂಬ ಅಡ್ಡಹೆಸರೇ ಬಿದ್ದಿತ್ತು. ಐವತ್ತರ ದಶಕದ ನಡುವೆ ರಾಕ್ ಸಂಗೀತದ ಅಬ್ಬರ ಬರುವ ತನಕ ಮನೆಮನೆಯ ರೇಡಿಯೋದಲ್ಲಿ ಕೇಳಿಬರುತ್ತಿದ್ದುದು ಈ ಗೀತೆಗಳೇ. ಈಗ ಅವನ್ನು 'ಸಾಂಪ್ರದಾಯಿಕ ಪಾಪ್' ಎಂದು ಕರೆಯುತ್ತಾರೆ.

ನಮ್ಮ ಭಾವಗೀತೆಗಳನ್ನು ನೆನೆದರೆ ಇದು ಸುಲಭವಾಗಿ ಅರ್ಥವಾದೀತು. ಶಾಸ್ತ್ರೀಯ ಸಂಗೀತದ ಪಾಂಡಿತ್ಯ ಪ್ರದರ್ಶನವಿಲ್ಲ. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು, ಭಾವ ಹೃದಯಕ್ಕೆ ಮುಟ್ಟಬೇಕು. ಪಿ. ಕಾಳಿಂಗರಾಯರು ಕನ್ನಡ ಕವಿಗಳ ನುಡಿಯನ್ನು ಜನರ ನಾಲಗೆಗೆ ತಂದುದು ಇಂತಹುದೇ ಕಾರ್ಯದಿಂದ. ಇನ್ನೊಂದು ಮಾತು: 1925ರ ಸುಮಾರಿಗೆ ವಿದ್ಯುತ್ ಮೈಕಿನ ಮೂಲಕ ಧ್ವನಿಮುದ್ರಣ ಮಾಡುವ ಪದ್ಧತಿ ಬಂದಿತು. ಅಲ್ಲಿಯ ತನಕ ಸಭಾಂಗಣದ ಕೊನೆಯ ಸಾಲಿಗೂ ಮುಟ್ಟುವಂತೆ ಗಂಟಲೆತ್ತಿ ಹಾಡಬೇಕಾಗಿತ್ತು. ಮೈಕು ಬಂದ ಮೇಲೆ ಕಿವಿಯ ಬಳಿ ಕುಳಿತು ಮಾತನಾಡುವಂತೆ ಹಾಡಲು ಸಾಧ್ಯವಾಯಿತು. ಬಿಂಗ್ ಕ್ರಾಸ್ಬಿ ಈ ದಾರಿಯನ್ನು ತೆರೆದವರಲ್ಲಿ ಪ್ರಮುಖರು. ಫ್ರಾಂಕ್ ಸಿನಾತ್ರಾ, ಪೆರಿ ಕೋಮೋ ಮುಂತಾದವರು ಅದರಲ್ಲಿ ನಡೆದರು. ಅವರೆಲ್ಲರೂ ಬಿಳಿಯರು. ಅದೇ ದಾರಿಯಲ್ಲಿ, ಅವರ ಸರಿಸಮಾನರಾಗಿ, ಕಪ್ಪು ಜನಾಂಗದಿಂದ ಬಂದು ನಿಂತವರು ಕೋಲ್.

ಬಾಲ್ಯ

ನಥಾನಿಯಲ್ ಆಡಮ್ಸ್ ಕೋಲ್ಸ್ ಹುಟ್ಟಿದ್ದು 1919ರ ಮಾರ್ಚ್ 17ರಂದು, ಅಮೆರಿಕದ ದಕ್ಷಿಣಭಾಗದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಪಟ್ಟಣದಲ್ಲಿ. ಗುಲಾಮಗಿರಿ ಅಳಿದು ಅರ್ಧ ಶತಮಾನ ಸಂದಿದ್ದರೂ ಅಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ಆಸನ, ಕುಡಿಯುವ ನೀರಿಗೂ ಬೇರೆ ನಲ್ಲಿ. ಆ ಕಾಲದಲ್ಲಿ ಲಕ್ಷಾಂತರ ಕಪ್ಪು ಕುಟುಂಬಗಳು ದಕ್ಷಿಣವನ್ನು ತೊರೆದು ಉತ್ತರದ ಕೈಗಾರಿಕಾ ನಗರಗಳಿಗೆ ಗುಳೆ ಹೋದವು. ನಥಾನಿಯಲ್‌ಗೆ ನಾಲ್ಕು ವರುಷವಾಗಿದ್ದಾಗ ಕೋಲ್ಸ್ ಕುಟುಂಬವೂ ಷಿಕಾಗೋ ನಗರವನ್ನು ಸೇರಿತು. ತಂದೆ ಎಡ್ವರ್ಡ್ ಅಲ್ಲಿ ಬ್ಯಾಪ್ಟಿಸ್ಟ್ ಪಂಥದ ಪಾದ್ರಿಯಾದರು. ತಾಯಿ ಪರ್ಲೀನಾ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು.

ಮಗನಿಗೆ ಮೊದಲ ಗುರು ತಾಯಿಯೇ. ನಾಲ್ಕನೆಯ ವಯಸ್ಸಿಗೇ ಜನರೆದುರು ನುಡಿಸಿದ ಈ ಬಾಲಕ, ಹನ್ನೆರಡರ ವಯಸ್ಸಿಗೆ ಕ್ರಮವಾದ ಪಾಠಕ್ಕೆ ತೊಡಗಿ ಯೂರೋಪಿನ ಶಾಸ್ತ್ರೀಯ ಸಂಗೀತವನ್ನೂ ಅಭ್ಯಾಸ ಮಾಡಿದನು. ಆದರೆ ಅವನ ಮನಸ್ಸು ಸೆಳೆದದ್ದು ಊರಿನ ರಾತ್ರಿಕೂಟಗಳಲ್ಲಿ ಮೊಳಗುತ್ತಿದ್ದ ಜಾಜ್ ಸಂಗೀತ. ಅರ್ಲ್ ಹೈನ್ಸ್ ಎಂಬ ಪಿಯಾನೋ ವಾದಕರು ಅವನ ಮಾನಸ ಗುರುಗಳಾದರು. ಹದಿನೈದರ ಹೊತ್ತಿಗೆ ಶಾಲೆ ಬಿಟ್ಟನು. ಹೆಡ್ಮಾಸ್ತರನಾದ ನಾನು ಇದನ್ನು ಮೆಚ್ಚಿ ಬರೆಯಲಾರೆ. ಆದರೆ ಬರೆಯದಿರಲೂ ಆಗದು. ಅಣ್ಣ ಎಡ್ಡಿ ಮತ್ತು ತಮ್ಮಂದಿರಾದ ಐಕ್, ಫ್ರೆಡ್ಡಿ ಕೂಡ ಸಂಗೀತಗಾರರೇ. 1936ರಲ್ಲಿ ಎಡ್ಡಿಯ ತಂಡದೊಡನೆ ನಥಾನಿಯಲ್‌ನ ಮೊದಲ ಧ್ವನಿಮುದ್ರಿಕೆಗಳು ಹೊರಬಂದವು.

ಮುಂದೆ ಒಂದು ಸಂಗೀತ ನಾಟಕ ತಂಡದ ಜತೆಗೆ ಊರೂರು ಅಲೆದು 1937ರಲ್ಲಿ ಪಶ್ಚಿಮ ತೀರದ ಕ್ಯಾಲಿಫೋರ್ನಿಯಾಕ್ಕೆ ಬಂದಾಗ ಆ ತಂಡವೇ ಮುಳುಗಿತು. ನಮ್ಮ ಕಡೆ ಮಳೆಗಾಲಕ್ಕೆ ಮೊದಲೇ ಡೇರೆ ಕಿತ್ತ ಮೇಳದ ಕಲಾವಿದರ ಪಾಡೇ ಅದು. ಕೋಲ್ ಊರಿಗೆ ಮರಳದೆ ಲಾಸ್ ಏಂಜಲೀಸಿನಲ್ಲೇ ಉಳಿದು, ಸಿಕ್ಕಿದ ಸ್ಥಳಗಳಲ್ಲಿ ಸಿಕ್ಕಿದ ಕಾಸಿಗೆ ಪಿಯಾನೋ ನುಡಿಸಿ ದಿನ ದೂಡಿದರು.

ಮೂವರ ಮೇಳ

ಆ ವರುಷವೇ ಹುಟ್ಟಿತು 'ಕಿಂಗ್ ಕೋಲ್ ಟ್ರಯೋ'. ಆಂಗ್ಲ ಮಕ್ಕಳ ಪದ್ಯವೊಂದರಲ್ಲಿ 'ಕಿಂಗ್ ಕೋಲ್' ಎಂಬ ರಾಜನಿದ್ದಾನೆ. ಅದರಿಂದ ಬಂದ ತಮಾಷೆಯ ಬಿರುದು ಕೊನೆಗೆ ಹೆಸರಾಗಿಯೇ ನಿಂತಿತು. ಪಿಯಾನೋಕ್ಕೆ ಕೋಲ್, ಗಿಟಾರಿಗೆ ಆಸ್ಕರ್ ಮೂರ್, ದೊಡ್ಡ ತಂತಿವಾದ್ಯವಾದ ಬಾಸ್‌ಗೆ ವೆಸ್ಲಿ ಪ್ರಿನ್ಸ್. ಡ್ರಮ್ ಇಲ್ಲ! ಹತ್ತು ಹದಿನೈದು ಮಂದಿಯ ದೊಡ್ಡ ವಾದ್ಯವೃಂದಗಳೇ ಮೆರೆಯುತ್ತಿದ್ದ ಕಾಲದಲ್ಲಿ, ಮದ್ದಳೆಯಿಲ್ಲದ ಹಿಮ್ಮೇಳದಂತಿದ್ದ ಈ ಮೂವರ ಕೂಟ ಹೊಸತನವೆನಿಸಿತು. ತಾಳವನ್ನು ಮೂವರೂ ಮನಸ್ಸಿನಲ್ಲಿಯೇ ಹಂಚಿಕೊಂಡು ನುಡಿಸಬೇಕು. ಒಬ್ಬನು ಇನ್ನೊಬ್ಬನ ಉಸಿರನ್ನು ಕೇಳುತ್ತಿರಬೇಕು. ಮುಂದೆ ಜಗತ್ಪ್ರಸಿದ್ಧರಾದ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ತಮ್ಮ ತ್ರಯಕ್ಕೆ ಈ ಮಾದರಿಯನ್ನೇ ಹಿಡಿದರು. ಗಾಯಕ ರೇ ಚಾರ್ಲ್ಸ್ ಕೂಡ ತಮ್ಮ ಆರಂಭದ ದಿನಗಳಲ್ಲಿ ಕೋಲರನ್ನೇ ಅನುಕರಿಸುತ್ತಿದ್ದರು.

ಕೋಲ್ ಹಾಡಲು ತೊಡಗಿದ ಬಗ್ಗೆ ಒಂದು ದಂತಕಥೆಯಿದೆ. ಕುಡಿದ ಗಿರಾಕಿಯೊಬ್ಬನು ಒಂದು ಹಾಡನ್ನು ಹಾಡಲೇಬೇಕೆಂದು ಹಟ ಹಿಡಿದಾಗ, ಗತ್ಯಂತರವಿಲ್ಲದೆ ಪಿಯಾನೋ ವಾದಕನು ಬಾಯಿ ತೆರೆದನಂತೆ. ಕಥೆ ಸೊಗಸಾಗಿದೆ ಎಂದು ಅದನ್ನು ಹಾಗೆಯೇ ಬಿಟ್ಟೆ ಎಂಬರ್ಥದ ಮಾತನ್ನು ಕೋಲ್ ತಾವೇ ಆಡಿದ್ದರು. ನಿಜವಾಗಿ ಅವರು ಮೊದಲಿನಿಂದಲೂ ನಡುನಡುವೆ ಹಾಡುತ್ತಲೇ ಇದ್ದರು.

ಆಗ ತಾನೇ, 1942ರಲ್ಲಿ, ಹಾಲಿವುಡ್ಡಿನಲ್ಲಿ ಕ್ಯಾಪಿಟಲ್ ಎಂಬ ಧ್ವನಿಮುದ್ರಣ ಸಂಸ್ಥೆ ಆರಂಭವಾಗಿತ್ತು. 1943ರ ನವೆಂಬರಿನಲ್ಲಿ ಅದಕ್ಕಾಗಿ ಕೋಲ್ ತ್ರಯ ಮುದ್ರಿಸಿದ 'ಸ್ಟ್ರೈಟನ್ ಅಪ್ ಅಂಡ್ ಫ್ಲೈ ರೈಟ್' ದೇಶದಾದ್ಯಂತ ಹೆಸರು ತಂದಿತು. ಇದರ ಮೂಲ ಕೋಲರ ತಂದೆ ಚರ್ಚಿನ ಪ್ರವಚನದಲ್ಲಿ ಹೇಳುತ್ತಿದ್ದ ಒಂದು ಜನಪದ ಕಥೆ. ಹದ್ದೊಂದು ಪ್ರಾಣಿಗಳನ್ನು ಬೆನ್ನ ಮೇಲೆ ಕೂರಿಸಿ ಆಕಾಶದಲ್ಲಿ ತಿರುಗಿಸುವುದಾಗಿ ನಂಬಿಸಿ, ಮೇಲಕ್ಕೊಯ್ದು ಕೆಡವಿ ತಿನ್ನುತ್ತಿತ್ತು. ಮಂಗನ ಸರದಿ ಬಂದಾಗ ಅದು ತನ್ನ ಬಾಲವನ್ನು ಹದ್ದಿನ ಕೊರಳಿಗೆ ಸುತ್ತಿ, ನೆಟ್ಟಗೆ ಹಾರು ಎಂದು ಗದರಿಸಿತು. ನಮ್ಮ ಪಂಚತಂತ್ರದಲ್ಲಿ ಮೊಸಳೆಯ ಬೆನ್ನೇರಿದ ಕೋತಿಗೆ ಈ ಮಂಗ ನೆಂಟನಲ್ಲವೇ? ಬಲಿಷ್ಠನ ಬೆನ್ನೇರಿ ಹೋಗುವ ದುರ್ಬಲನಿಗೆ ಬುದ್ಧಿಯೇ ಆಯುಧ. ಕಪ್ಪು ಕೇಳುಗರಿಗೆ ಆ ಹಾಡಿನ ನಗುವಿನ ಒಳಗೇನಿದೆಯೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ವಿಷಾದವೆಂದರೆ, ಹಾಡು ಜನಪ್ರಿಯವಾಗುವ ಮುನ್ನವೇ ಕೋಲ್ ಅದರ ಹಕ್ಕನ್ನು ಕೇವಲ 50 ಡಾಲರಿಗೆ ಮಾರಿಬಿಟ್ಟಿದ್ದರು. ತಟ್ಟೆಗಳು ರಾಶಿರಾಶಿಯಾಗಿ ಮಾರಾಟವಾದರೂ ರಚನೆಯ ಗೌರವಧನ ಅವರ ಕೈ ಸೇರಲಿಲ್ಲ.

ಪಿಯಾನೋದಿಂದ ಮೈಕಿನೆಡೆಗೆ

1946ರಲ್ಲಿ ಎನ್.ಬಿ.ಸಿ. ರೇಡಿಯೋದಲ್ಲಿ ತ್ರಯದ ಹೆಸರಿನಲ್ಲೇ ವಾರದ ಕಾರ್ಯಕ್ರಮ ಆರಂಭವಾಯಿತು. ಅದೇ ವರುಷ ಅವರು 'ದ ಕ್ರಿಸ್ಮಸ್ ಸಾಂಗ್' ಎಂಬ ಗೀತೆಯನ್ನು ಮೊದಲ ಸಲ ಹಾಡಿದರು. ಚಳಿಗಾಲದ ಬೆಂಕಿಗೂಡಿನ ಬೆಚ್ಚನೆಯ ಚಿತ್ರವುಳ್ಳ ಈ ಗೀತೆಯನ್ನು ಮೆಲ್ ಟಾರ್ಮೆ ಮತ್ತು ಬಾಬ್ ವೆಲ್ಸ್ ಬರೆದದ್ದು ಸುಡುಬಿಸಿಲಿನ ಒಂದು ದಿನದಲ್ಲಿ! ಸೆಕೆ ತಾಳಲಾರದೆ ತಂಪನ್ನು ನೆನೆದು ಬರೆದರಂತೆ. ಈ ಹಾಡಿಗೆ ತಂತಿವಾದ್ಯಗಳ ಹಿನ್ನೆಲೆ ಬೇಕೆಂದು ಹಟ ಹಿಡಿದು ಎರಡನೆಯ ಬಾರಿ ಮುದ್ರಿಸಿದವರು ಕೋಲ್. ಮೂವರ ಮೇಳದಿಂದ ದೊಡ್ಡ ವಾದ್ಯವೃಂದದ ಕಡೆಗೆ ಅವರು ಇಟ್ಟ ಮೊದಲ ಹೆಜ್ಜೆ ಅದು.

ಎರಡನೆಯ ಹೆಜ್ಜೆಯ ಕಥೆ ಇನ್ನೂ ವಿಚಿತ್ರ. ಈಡನ್ ಆಬೆಜ್ ಎಂಬ ಜಡೆಗಡ್ಡಗಳ ಸನ್ಯಾಸಿಯಂತಹ ಮನುಷ್ಯ ಲಾಸ್ ಏಂಜಲೀಸಿನಲ್ಲಿ ಅಲೆಯುತ್ತಿದ್ದ. ಸಸ್ಯಾಹಾರಿ, ಪೂರ್ವದೇಶಗಳ ಅಧ್ಯಾತ್ಮದಲ್ಲಿ ಆಸಕ್ತ. ಬೆಟ್ಟದ ಮೇಲಿರುವ ಹಾಲಿವುಡ್ ಎಂಬ ಬೃಹದಕ್ಷರಗಳ ಕೆಳಗೆ ಮಲಗುತ್ತಿದ್ದವ. ದೊಡ್ಡಕ್ಷರಕ್ಕೆ ಭಗವಂತನೊಬ್ಬನೇ ಅರ್ಹನೆಂದು ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಲ್ಲೇ ಬರೆಯುತ್ತಿದ್ದ. (ದೊಡ್ಡಕ್ಷರವೇ ಇಲ್ಲದ ನಮ್ಮ ಲಿಪಿಯನ್ನು ಆತ ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದನೋ!) ಅವನು ನಾಟಕಶಾಲೆಯ ಹಿಂಬಾಗಿಲಿಗೆ ತಂದು ಕೊಟ್ಟುಹೋದ 'ನೇಚರ್ ಬಾಯ್' ಎಂಬ ಗೀತೆ ಕೋಲರ ಕೈ ಸೇರಿತು. 1947ರಲ್ಲಿ ಮುದ್ರಣಗೊಂಡು 1948ರಲ್ಲಿ ಬಿಡುಗಡೆಯಾದ ಅದು ವಾರಗಟ್ಟಲೆ ದೇಶದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಪ್ರಥಮ ಸ್ಥಾನದಲ್ಲಿತ್ತು. ಪ್ರೀತಿಸುವುದನ್ನೂ ಪ್ರೀತಿಸಲ್ಪಡುವುದನ್ನೂ ಕಲಿಯುವುದೇ ದೊಡ್ಡ ವಿದ್ಯೆ ಎಂಬುದು ಅದರ ಸಾರ.

ಅಲ್ಲಿಂದ ಮುಂದೆ 1950ರಲ್ಲಿ 'ಮೋನಾ ಲೀಸಾ', 1951ರಲ್ಲಿ 'ಟೂ ಯಂಗ್' ಮತ್ತು 'ಅನ್‌ಫರ್ಗೆಟಬಲ್'. ಜಾಜ್ ರಸಿಕರು ಬೇಸರಪಟ್ಟರು. ಅಂತಹ ಪಿಯಾನೋ ವಾದಕ ವಾದ್ಯದ ಮುಂದಿನಿಂದೆದ್ದು, ಪಿಟೀಲುಗಳ ಗುಂಪಿನ ಮುಂದೆ ನಿಂತು ಪ್ರೇಮಗೀತೆ ಹಾಡುವುದೇ? ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. 1951ರ ಹೊತ್ತಿಗೆ ತ್ರಯ ಚದುರಿಹೋಯಿತು. ಆದರೆ ಕೋಲರ ಗಾಯನವನ್ನು ಗಮನವಿಟ್ಟು ಕೇಳಿದವರಿಗೆ ಅದರಲ್ಲಿ ಪಿಯಾನೋ ಮರೆಯಾಗಿಲ್ಲವೆಂಬುದು ತಿಳಿಯುತ್ತದೆ. ಸ್ವರವನ್ನು ಸರಿಯಾಗಿ ನಡುವಿನಲ್ಲೇ ಮುಟ್ಟುವುದು, ಪದದ ಮೊದಲಕ್ಷರವನ್ನು ಬೆರಳಿನಿಂದ ಒತ್ತಿದಂತೆ ಹಗುರಾಗಿ ಇಡುವುದು, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಉಳಿದು ಕೊನೆಯಲ್ಲಿ ಬಂದು ಸೇರುವುದು: ಇವೆಲ್ಲ ವಾದಕನ ಕೈಯಿಂದ ಕಂಠಕ್ಕೆ ಇಳಿದ ಗುಣಗಳು. ಅವರದು ಬಹಳ ವಿಸ್ತಾರದ ಕಂಠವಲ್ಲ. ಇದ್ದಷ್ಟರಲ್ಲಿ ಎಲ್ಲಿ ನಿಲ್ಲಬೇಕೆಂಬ ತಿಳಿವು ಅವರಿಗಿತ್ತು.

ಕ್ಯಾಪಿಟಲ್ ಸಂಸ್ಥೆ ಅವರ ಧ್ವನಿಮುದ್ರಿಕೆಗಳ ಮಾರಾಟದಿಂದ ಎಷ್ಟು ಬೆಳೆಯಿತೆಂದರೆ, 1956ರಲ್ಲಿ ಹಾಲಿವುಡ್ಡಿನಲ್ಲಿ ಎದ್ದ ಅದರ ದುಂಡನೆಯ ಗೋಪುರಕ್ಕೆ ಜನರು 'ನ್ಯಾಟ್ ಕಟ್ಟಿದ ಮನೆ' ಎಂದೇ ಹೇಳುತ್ತಿದ್ದರು.

ಸ್ವಂತ ಮನೆಯ ಪಾಡು

ಸಂಸ್ಥೆಗೆ ಗೋಪುರ ಕಟ್ಟಿಕೊಟ್ಟವರಿಗೆ ಸ್ವಂತ ಮನೆಯೊಂದನ್ನು ಕೊಳ್ಳುವುದು ಸುಲಭವಾಗಲಿಲ್ಲ. 1948ರ ಈಸ್ಟರ್ ಭಾನುವಾರ ಕೋಲ್, ಗಾಯಕಿ ಮರಿಯಾ ಎಲಿಂಗ್ಟನ್ನರನ್ನು ವಿವಾಹವಾದರು. ಇದು ಅವರಿಗೆ ಎರಡನೆಯ ವಿವಾಹ. ಆ ವರುಷವೇ ಲಾಸ್ ಏಂಜಲೀಸಿನ ಹ್ಯಾಂಕಾಕ್ ಪಾರ್ಕ್ ಎಂಬ ಸಿರಿವಂತರ ಬಡಾವಣೆಯಲ್ಲಿ ಇಟ್ಟಿಗೆಯ ದೊಡ್ಡ ಮನೆಯೊಂದನ್ನು ಕೊಂಡರು. ಅಲ್ಲಿ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂದು ಕರಾರು ಪತ್ರಗಳಲ್ಲೇ ಬರೆದಿಡುವ ರೂಢಿಯಿತ್ತು. ಆ ವರುಷದ ಮೇ ತಿಂಗಳಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಅಂತಹ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಕೂಡದೆಂದು ತೀರ್ಪಿತ್ತಿತ್ತು. ಕಾನೂನು ಬದಲಾದರೂ ನೆರೆಯವರ ಮನಸ್ಸು ಬದಲಾಗಿರಲಿಲ್ಲ.

ನಿವಾಸಿಗಳ ಸಂಘದವರು ಕೋಲರನ್ನು ಕಂಡು, ಅನಪೇಕ್ಷಿತರು ಈ ಬಡಾವಣೆಗೆ ಬರುವುದು ತಮಗೆ ಇಷ್ಟವಿಲ್ಲ ಎಂದರು. ಕೋಲ್ ಶಾಂತರಾಗಿ, ತಮಗೂ ಇಷ್ಟವಿಲ್ಲ, ಅಂತಹವರಾರಾದರೂ ಕಣ್ಣಿಗೆ ಬಿದ್ದರೆ ಮೊದಲು ದೂರು ಕೊಡುವವನು ತಾನೇ ಎಂದು ಉತ್ತರಿಸಿದರು. ಮಾತಿಗೆ ಮಾತಿನಲ್ಲಿ ಗೆದ್ದರು. ಆದರೆ ಮಾತಲ್ಲದ ಉತ್ತರಗಳೂ ಬಂದವು. ಅಂಗಳದ ಹುಲ್ಲಿನ ಮೇಲೆ ಜನಾಂಗನಿಂದೆಯ ಪದವನ್ನು ಸುಟ್ಟು ಮೂಡಿಸಿದರು. ಸಾಕಿದ ನಾಯಿಗೆ ವಿಷವಿಕ್ಕಿ ಕೊಂದರು. ಕೋಲ್ ದಂಪತಿಗಳು ಮನೆ ಬಿಡಲಿಲ್ಲ. ಮಕ್ಕಳನ್ನು ಅಲ್ಲೇ ಬೆಳೆಸಿದರು. ಐವರು ಮಕ್ಕಳಲ್ಲಿ ಇಬ್ಬರನ್ನು ದತ್ತು ತೆಗೆದುಕೊಂಡು ಸಾಕಿದುದು ಆ ಮನೆಯ ಇನ್ನೊಂದು ಸಂಗತಿ. ನಡುವೆ 1951ರಲ್ಲಿ ಸುಮಾರು ಒಂದೂವರೆ ಲಕ್ಷ ಡಾಲರುಗಳ ತೆರಿಗೆ ಬಾಕಿಗಾಗಿ ಸರ್ಕಾರ ಆ ಮನೆಯನ್ನೇ ಜಪ್ತಿ ಮಾಡಹೊರಟಾಗಲೂ ದುಡಿದು ತೀರಿಸಿ ಉಳಿಸಿಕೊಂಡರು. ಕೋಲ್ ತಮ್ಮ ಬದುಕಿನ ಕೊನೆಯ ತನಕ ಆ ಮನೆಯಲ್ಲೇ ಇದ್ದರು.

ಹುಟ್ಟಿದ ನೆಲದಲ್ಲಿ

1956ರ ಏಪ್ರಿಲ್ 10. ಸ್ಥಳ, ಅವರು ಹುಟ್ಟಿದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂ ನಗರ. ಆ ಸಮಯದಲ್ಲಿ ಅವರ ಹುಟ್ಟೂರಾದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗರ ನಾಯಕತ್ವದಲ್ಲಿ ಬಸ್ ಬಹಿಷ್ಕಾರದ ಚಳವಳಿ ನಡೆಯುತ್ತಿತ್ತು. ರಾಜ್ಯವೆಲ್ಲ ಕಾದ ಹೆಂಚಿನಂತಿತ್ತು. ಸಂಜೆಯ ಮೊದಲ ಕಾರ್ಯಕ್ರಮ ಬಿಳಿಯರಿಗೆ, ರಾತ್ರಿಯ ಎರಡನೆಯದು ಕಪ್ಪು ಜನರಿಗೆ. ಬ್ರಿಟನ್ನಿನಿಂದ ಬಂದ ಟೆಡ್ ಹೀತ್ ವಾದ್ಯವೃಂದ ಜತೆಗಿತ್ತು. ಕೋಲ್ ಮೂರನೆಯ ಹಾಡಿನಲ್ಲಿದ್ದಾಗ ಸಭೆಯ ನಡುವಿನಿಂದ ಕೆಲವರು ಓಡಿಬಂದು ವೇದಿಕೆಯ ಮೇಲೆ ಹಾರಿ ಅವರ ಮೇಲೆರಗಿದರು. ಮೈಕು ಬಡಿದು, ಗಾಯಕರು ಪಿಯಾನೋ ಪೀಠದ ಮೇಲೆ ಮಗುಚಿಬಿದ್ದರು; ಬೆನ್ನಿಗೆ ಪೆಟ್ಟಾಯಿತು. ಪೊಲೀಸರು ಆಕ್ರಮಣಕಾರರನ್ನು ಹಿಡಿದರು. ಅವರು ಜನಾಂಗ ಪ್ರತ್ಯೇಕತೆಯನ್ನು ಕಾಯುವ ಸಂಘಟನೆಯೊಂದಕ್ಕೆ ಸೇರಿದವರು. ಮುಂದೆ ಅವರಿಗೆ ಶಿಕ್ಷೆಯೂ ಆಯಿತು.

ತುಸು ಹೊತ್ತಿನಲ್ಲಿ ಕೋಲ್ ಮತ್ತೆ ವೇದಿಕೆಗೆ ಬಂದಾಗ ಬಿಳಿಯ ಪ್ರೇಕ್ಷಕರೆಲ್ಲ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿದರು. ತಾನು ಹಾಡಿ ಸಂತೋಷಪಡಿಸಲೆಂದಷ್ಟೇ ಬಂದಿದ್ದೆ ಎಂದು ಹೇಳಿ, ಮುಂದುವರಿಸಲಾಗದ್ದಕ್ಕೆ ಅವರು ಕ್ಷಮೆ ಕೋರಿದರು. ಆದರೆ ರಾತ್ರಿ ಕಪ್ಪು ಜನರ ಪಾಲಿನ ಕಾರ್ಯಕ್ರಮವನ್ನು ನೋವಿನಲ್ಲೇ ನಡೆಸಿಕೊಟ್ಟರು.

ಪೆಟ್ಟು ಅಲ್ಲಿಗೇ ಮುಗಿಯಲಿಲ್ಲ. ಮರುದಿನಗಳಲ್ಲಿ ಸ್ವಜನರಿಂದಲೇ ಬಂತು. ಪ್ರತ್ಯೇಕ ಆಸನಗಳ ಸಭೆಯಲ್ಲಿ ಹಾಡಲು ಒಪ್ಪಿದ್ದೇಕೆಂದು ಕಪ್ಪು ಜನರ ಪತ್ರಿಕೆಗಳು ಖಂಡಿಸಿದವು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕೆಲವೆಡೆ ಅವರ ತಟ್ಟೆಗಳನ್ನು ಹಾಡುಪೆಟ್ಟಿಗೆಗಳಿಂದ ತೆಗೆದುಹಾಕಿದರು. ಹೋರಾಟ ತನ್ನ ಕೆಲಸವಲ್ಲ, ಹಾಡುವುದಷ್ಟೇ ತನ್ನ ಕೆಲಸ ಎಂಬ ಧಾಟಿಯ ಅವರ ಮಾತು ಗಾಯದ ಮೇಲೆ ಉಪ್ಪಿನಂತಾಯಿತು. ಕೋಲ್ ನೊಂದರು. ಕೋಣೆ ಕೊಡದ ಹೋಟೆಲಿನ ಮೇಲೆ ತಾವು ಹಿಂದೆಯೇ ದಾವೆ ಹೂಡಿದ್ದನ್ನೂ, ಸಮಾನ ಹಕ್ಕಿನ ಹೋರಾಟಕ್ಕೆ ಧನಸಹಾಯ ಮಾಡಿದ್ದನ್ನೂ ನೆನಪಿಸಿದರು. ಕೆಲವೇ ದಿನಗಳಲ್ಲಿ ಕಪ್ಪು ಜನರ ಪ್ರಗತಿಗಾಗಿ ದುಡಿಯುವ ರಾಷ್ಟ್ರೀಯ ಸಂಸ್ಥೆಗೆ 500 ಡಾಲರ್ ತೆತ್ತು ಆಜೀವ ಸದಸ್ಯರಾದರು.

ಇಲ್ಲಿ ಯಾರು ಸರಿ? ನಾನು ಬಹಳ ಸಲ ಯೋಚಿಸಿದ್ದೇನೆ. ಅನ್ಯಾಯವನ್ನು ಕಂಡಾಗ ಬೀದಿಗಿಳಿದು ಕೂಗುವವರು ಬೇಕು. ಅವರಿಲ್ಲದಿದ್ದರೆ ಕಾನೂನುಗಳು ಬದಲಾಗುತ್ತಿರಲಿಲ್ಲ. ಖಂಡಿಸಿದವರ ಕೋಪಕ್ಕೆ ಕಾರಣವಿತ್ತು. ಆದರೆ ತನಗೆ ಬೇಡವೆಂದ ಬಡಾವಣೆಯಲ್ಲಿ ಹದಿನೇಳು ವರುಷ ಬಾಗಿಲು ತೆರೆದಿಟ್ಟು ಬಾಳಿದವನನ್ನು ಹೇಡಿಯೆನ್ನಲು ನನ್ನ ನಾಲಗೆ ಏಳದು. ಕೋಲ್ ತಡವಾಗಿ ಕಲಿತರು ಎನ್ನಬಹುದು, ಕಲಿಯಲಿಲ್ಲ ಎನ್ನುವಂತಿಲ್ಲ. ಮೇಷ್ಟರಾದ ನಮಗೆ ಈ ಎರಡರ ಅಂತರ ಗೊತ್ತಿರಬೇಕು.

ಕತ್ತಲೆಗೆ ಅಂಜಿದವರು

ಅದೇ ವರುಷ ನವೆಂಬರ್ 5ರಂದು ಎನ್.ಬಿ.ಸಿ. ಟೆಲಿವಿಷನ್ನಿನಲ್ಲಿ 'ದ ನ್ಯಾಟ್ ಕಿಂಗ್ ಕೋಲ್ ಷೋ' ಆರಂಭವಾಯಿತು. ಮೊದಲು ಹದಿನೈದು ನಿಮಿಷ. 1957ರ ಜುಲೈಯಿಂದ ಅರ್ಧ ಗಂಟೆ. ಅಷ್ಟು ಪ್ರಸಿದ್ಧನಾದ ಕಪ್ಪು ಕಲಾವಿದನೊಬ್ಬನು ಪ್ರತಿ ವಾರ ಆತಿಥೇಯನಾಗಿ ದೇಶದ ನಡುಮನೆಗಳಿಗೆ ಪ್ರವೇಶಿಸುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಎಲ್ಲಾ ಫಿಟ್ಸ್‌ಜೆರಾಲ್ಡ್, ಹ್ಯಾರಿ ಬೆಲಾಫಾಂಟೆ, ಪೆಗ್ಗಿ ಲೀ ಮೊದಲಾದ ಕಲಾವಿದರು ಸ್ನೇಹಕ್ಕಾಗಿ ಅತ್ಯಲ್ಪ ಸಂಭಾವನೆ ಪಡೆದು ಭಾಗವಹಿಸಿದರು.

ಅಲ್ಲಿನ ಟೆಲಿವಿಷನ್ ನಡೆಯುವುದು ಜಾಹೀರಾತಿನ ಹಣದಿಂದ. ಸಾಬೂನು, ಸೌಂದರ್ಯಸಾಧನ ಮೊದಲಾದವನ್ನು ಮಾರುವ ಕಂಪೆನಿಗಳು ಪ್ರಾಯೋಜಕರಾಗಬೇಕು. ಕೋಲರ ಕಾರ್ಯಕ್ರಮಕ್ಕೆ ದೇಶವ್ಯಾಪಿಯಾದ ಒಂದು ಕಂಪೆನಿಯೂ ಮುಂದೆ ಬರಲಿಲ್ಲ. ಕಪ್ಪು ಗಾಯಕನಿಗೆ ಹಣ ಕೊಟ್ಟರೆ ದಕ್ಷಿಣದ ಬಿಳಿಯ ಗಿರಾಕಿಗಳು ತಮ್ಮ ಸರಕನ್ನು ಮುಟ್ಟಲಾರರೆಂಬ ಅಂಜಿಕೆ! ಟೆಲಿವಿಷನ್ ಸಂಸ್ಥೆ ವರುಷಕ್ಕೂ ಮಿಕ್ಕಿ ನಷ್ಟ ಸಹಿಸಿ ನಡೆಸಿತು. ಕೊನೆಗೆ ಹೆಚ್ಚು ಜನ ನೋಡದ ಹೊತ್ತಿಗೆ ಬದಲಾಯಿಸುವ ಸಲಹೆ ಬಂದಾಗ ಕೋಲ್ ತಾವಾಗಿಯೇ ನಿಲ್ಲಿಸಿದರು. 1957ರ ಡಿಸೆಂಬರ್ 17ರಂದು ಕಡೆಯ ಪ್ರಸಾರ. ಜಾಹೀರಾತು ಕಂಪೆನಿಗಳೆಲ್ಲ ನೆಲೆಸಿದ್ದ ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂ ಬೀದಿಗೆ ಕತ್ತಲೆಂದರೆ ಭಯ ಎಂದು ಅವರು ಆಡಿದ ಮಾತು ಮನೆಮಾತಾಯಿತು. ಜೀವಮಾನದಲ್ಲಿ ಎಂದೂ ದನಿಯೇರಿಸದವರ ಆ ಒಂದು ವಾಕ್ಯ ನೂರು ಭಾಷಣಗಳಷ್ಟು ಹರಿತವಾಗಿತ್ತು.

ಪರನುಡಿಯ ಮಮತೆ

ನಮ್ಮಂತಹ ಗಡಿನಾಡಿಗರಿಗೆ ಈ ಜೀವನದಲ್ಲಿ ವಿಶೇಷವಾಗಿ ಹಿಡಿಸಬೇಕಾದ ಅಧ್ಯಾಯವೊಂದಿದೆ. 1958ರಲ್ಲಿ ಕೋಲ್ ಕ್ಯೂಬಾದ ಹವಾನಾಕ್ಕೆ ಹೋಗಿ ಸ್ಪ್ಯಾನಿಷ್ ಭಾಷೆಯ ಗೀತೆಗಳ ಸಂಪುಟವೊಂದಕ್ಕೆ ದನಿಯಿತ್ತರು. ಹೆಸರು 'ಕೋಲ್ ಎಸ್ಪಾನ್ಯೋಲ್'. ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ! ಬಲ್ಲವರಿಂದ ಒಂದೊಂದು ಶಬ್ದದ ಉಚ್ಚಾರಣೆಯನ್ನು ಹೇಳಿಸಿಕೊಂಡು, ಅರ್ಥ ಕೇಳಿ ತಿಳಿದು, ಬಾಯಿಪಾಠ ಮಾಡಿ ಹಾಡಿದರು. ಆ ಹಾಡುಗಳಲ್ಲಿ ಅಮೆರಿಕನ್ ಎಳೆತ ಸ್ಪಷ್ಟವಾಗಿ ಕೇಳುತ್ತದೆ. ಆದರೂ ಲ್ಯಾಟಿನ್ ಅಮೆರಿಕದ ಜನ ಅವನ್ನು ಎದೆಗೊತ್ತಿಕೊಂಡರು. 1959ರಲ್ಲಿ ಬ್ರೆಜಿಲ್ ದೇಶದ ರಿಯೋದಲ್ಲಿ, 1962ರಲ್ಲಿ ಮೆಕ್ಸಿಕೋ ನಗರದಲ್ಲಿ ಇನ್ನೆರಡು ಸಂಪುಟಗಳು ಸಿದ್ಧವಾದವು. ಜಪಾನೀ ಭಾಷೆಯಲ್ಲೂ ಅವರು ಹಾಡಿದರು. ತಪ್ಪನ್ನು ಹುಡುಕದೆ ಜನರು ಪ್ರೀತಿಯನ್ನು ಕೇಳಿಸಿಕೊಂಡರು.

ನಮ್ಮಲ್ಲಿಯೂ ಇದಕ್ಕೆ ಉದಾಹರಣೆಗಳಿಲ್ಲವೇ? ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ಪಿ. ಬಿ. ಶ್ರೀನಿವಾಸರು ಡಾ. ರಾಜಕುಮಾರರ ಕಂಠವಾಗಿ ಕನ್ನಡಿಗರ ಮನೆಮಗನಾದರು. ತೆಲುಗು ಮನೆಯ ಎಸ್. ಜಾನಕಿಯವರ ಕನ್ನಡ ಹಾಡುಗಳಲ್ಲಿ ಪರಭಾಷೆಯ ಸುಳಿವನ್ನು ಯಾರು ಹುಡುಕಿಯಾರು? ನನ್ನ ಶಾಲೆಯಲ್ಲಿ ಮನೆಯಲ್ಲಿ ತುಳುವಾಡುವ, ಮಲಯಾಳವಾಡುವ, ಕೊಂಕಣಿಯಾಡುವ ಮಕ್ಕಳು ಸಾಲಾಗಿ ನಿಂತು ಒಂದೇ ಕನ್ನಡ ಪದ್ಯವನ್ನು ಹಾಡುವಾಗ, ಒಬ್ಬೊಬ್ಬರ ಬಾಯಲ್ಲಿ ಅದಕ್ಕೆ ಒಂದೊಂದು ಬಣ್ಣ. ಮೊದಲ ವರುಷಗಳಲ್ಲಿ ನಾನು ಕೋಲು ಹಿಡಿದು ತಿದ್ದುತ್ತಿದ್ದೆ. ಒಂದು ಸಲ ಹಾಗೆ ಗದರಿಸಿದ ಪುಟ್ಟ ಹುಡುಗಿಯೊಬ್ಬಳು ವಾರಗಟ್ಟಲೆ ಬಾಯಿ ತೆರೆಯಲಿಲ್ಲ. ಅಂದಿನಿಂದ ಮೊದಲು ಹಾಡಲು ಬಿಡುತ್ತೇನೆ, ಆಮೇಲೆ ತಿದ್ದುತ್ತೇನೆ. ಪ್ರೀತಿಯಿಂದ ತೆರೆದ ಬಾಯಿಗೆ ಉಚ್ಚಾರಣೆ ತಾನಾಗಿ ಬರುತ್ತದೆ. ಅಂಜಿಕೆಯಿಂದ ಮುಚ್ಚಿದ ಬಾಯಿಗೆ ಯಾವ ವ್ಯಾಕರಣವೂ ಸಹಾಯಕ್ಕೆ ಬಾರದು.

ಹೊಗೆಯಲ್ಲಿ ಕರಗಿದ ದನಿ

1962ರಲ್ಲಿ 'ರ‍್ಯಾಂಬ್ಲಿನ್ ರೋಸ್' ಎಂಬ ಹಾಡು ಹತ್ತು ಲಕ್ಷಕ್ಕೂ ಮಿಕ್ಕಿ ತಟ್ಟೆಗಳಲ್ಲಿ ಮಾರಾಟವಾಯಿತು. ರಾಕ್ ಸಂಗೀತದ ಹೊಸ ಗಾಳಿಯಲ್ಲೂ ಕೋಲರ ದೀಪ ಆರಿರಲಿಲ್ಲ. ಆರಿಸಿದ್ದು ಅವರ ಕೈಯಲ್ಲೇ ಇದ್ದ ಸಿಗರೇಟು. ದಿನಕ್ಕೆ ಮೂರು ಪ್ಯಾಕುಗಳ ತನಕ ಸೇದುತ್ತಿದ್ದರು. ಸೇದಿದರೆ ದನಿಗೆ ಆಳ ಬರುತ್ತದೆಂದು ಅವರು ನಂಬಿದ್ದರಂತೆ. ಮುದ್ರಣಕ್ಕೆ ಮುನ್ನ ಒಂದರ ಮೇಲೊಂದು ಹಚ್ಚುತ್ತಿದ್ದರು. 1964ರ ಡಿಸೆಂಬರಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. 1965ರ ಜನವರಿಯಲ್ಲಿ ಎಡ ಶ್ವಾಸಕೋಶವನ್ನೇ ತೆಗೆದರು. ಫೆಬ್ರವರಿ ಮೊದಲಲ್ಲಿ ವೃದ್ಧ ತಂದೆ ತೀರಿಕೊಂಡರು. ಎರಡು ವಾರಗಳ ಬಳಿಕ, ಫೆಬ್ರವರಿ 15ರಂದು, ಮಗನೂ ಹೋದರು. ವಯಸ್ಸು ನಲವತ್ತೈದು ಮಾತ್ರ. ಅವಳಿ ಹೆಣ್ಣುಮಕ್ಕಳಿಗೆ ಆಗ ನಾಲ್ಕೂ ತುಂಬಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಬೀಡಿ ಸಿಗರೇಟು ಹಚ್ಚಿ ದೊಡ್ಡವರಾದೆವೆಂದು ಬೀಗುವ ನಮ್ಮ ಎಳೆಯರಿಗೆ ಈ ಮಾತನ್ನು ಹಿರಿಯರು ದಯವಿಟ್ಟು ಓದಿ ಹೇಳಬೇಕು. ಯಾವ ದನಿಗಾಗಿ ಆ ಹೊಗೆಯೋ, ಆ ದನಿಯನ್ನೇ ಅದು ಕೊಂಡೊಯ್ದಿತು.

ಮಗಳು ಕೂಡಿ ಹಾಡಿದ ಹಾಡು

ತಂದೆ ತೀರಿದಾಗ ಹದಿನೈದು ವರುಷದವಳಾಗಿದ್ದ ಮಗಳು ನ್ಯಾಟಲಿ ಮುಂದೆ ತಾನೂ ಗಾಯಕಿಯಾದಳು. ಬಹುಕಾಲ ತಂದೆಯ ಹಾಡುಗಳನ್ನು ದೂರವಿಟ್ಟು ತನ್ನದೇ ದಾರಿಯಲ್ಲಿ ನಡೆದಳು. ಕೊನೆಗೆ 1991ರಲ್ಲಿ ಅವನ್ನೇ ಆರಿಸಿ ಒಂದು ಸಂಪುಟ ಹೊರತಂದಳು. ಅದರಲ್ಲಿ 'ಅನ್‌ಫರ್ಗೆಟಬಲ್' ಹಾಡು ಯುಗಳಗೀತೆಯಾಯಿತು. ತಂದೆಯ ಹಳೆಯ ಮುದ್ರಣದ ದನಿಗೆ ಮಗಳು ತನ್ನ ದನಿ ಸೇರಿಸಿ, ತಾಂತ್ರಿಕ ಕೌಶಲದಿಂದ ಇಬ್ಬರೂ ಜತೆಗೆ ನಿಂತು ಹಾಡಿದಂತೆ ಜೋಡಿಸಿದರು. 1992ರ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವರ್ಷದ ಶ್ರೇಷ್ಠ ಸಂಪುಟ, ವರ್ಷದ ಶ್ರೇಷ್ಠ ಮುದ್ರಿಕೆ ಎರಡೂ ಅದಕ್ಕೇ ಸಂದವು. ತಂದೆ ಹೋಗಿ ಇಪ್ಪತ್ತಾರು ವರುಷಗಳ ಮೇಲೆ ಮಗಳು ಅವರ ಮಾತಿಗೆ ಮಾತು ಕೊಟ್ಟಳು. 2015ರ ಕೊನೆಯ ದಿನ ನ್ಯಾಟಲಿಯೂ ತೀರಿಕೊಂಡರು.

ಈ ಯುಗಳಗೀತೆಯನ್ನು ನಾನು ಕೇಳಿದ್ದು ಬಹಳ ತಡವಾಗಿ, ನನ್ನ ತಂದೆಯವರು ಕಾಲವಾದ ವರುಷ. ಅವರಿಗೆ ಇಂಗ್ಲಿಷ್ ಹಾಡು ಒಂದೂ ಗೊತ್ತಿರಲಿಲ್ಲ. ತಾಳಮದ್ದಳೆಯ ಪದಗಳನ್ನು ಗುನುಗುತ್ತ ತೋಟಕ್ಕೆ ನೀರು ಬಿಡುತ್ತಿದ್ದವರು. ಆ ದನಿಯನ್ನು ನಾವಾರೂ ಮುದ್ರಿಸಿಡಲಿಲ್ಲ. ಈಗ ಮನೆಮನೆಯಲ್ಲೂ ದನಿಯನ್ನು ಹಿಡಿದಿಡುವ ಯಂತ್ರ ಅಂಗೈಯಲ್ಲೇ ಇದೆ. ನಿಮ್ಮ ಮನೆಯ ಹಿರಿಯರು ಸಂಜೆಯ ಹೊತ್ತಿಗೆ ಏನನ್ನಾದರೂ ಗುನುಗುತ್ತಿದ್ದರೆ, ಅದು ಶ್ರುತಿಯಲ್ಲಿದೆಯೋ ಇಲ್ಲವೋ ಎಂದು ನೋಡದೆ, ಇಂದೇ ಮುದ್ರಿಸಿಟ್ಟುಕೊಳ್ಳಿ. ಮುಂದೊಂದು ದಿನ ಮೊಮ್ಮಕ್ಕಳು ಅದರ ಜತೆಗೆ ದನಿಗೂಡಿಸಿಯಾರು.